ಸೇವೆಯೂ ವಿಶ್ರಾಂತಿಯೂ

ಆಯುಧಪೂಜೆಯಂದು ಬಡಗಿಯ ಉಳಿ, ದರ್ಜಿಯ ಹೊಲಿಗೆಯಂತ್ರ, ವಿದ್ಯಾರ್ಥಿಯ ಪುಸ್ತಕ ಎಲ್ಲವೂ ಅರಿಶಿನ ಕುಂಕುಮಗಳನ್ನು ಧರಿಸಿ ಸುಮ್ಮನಿರುತ್ತವೆ. ದುಡಿಯುವ ಜಡವಸ್ತುವಿಗೂ ವರ್ಷಕ್ಕೊಂದು ದಿನ ವಿಶ್ರಾಂತಿ ಸಲ್ಲಬೇಕೆಂಬುದು ಹಿರಿಯರು ನಡೆಸಿಕೊಂಡು ಬಂದ ಸಂಪ್ರದಾಯ. ಅದೇ ದಿನ ಆಸ್ಪತ್ರೆಯ ವಾರ್ಡಿನಲ್ಲಿ ರಾತ್ರಿ ಪಾಳಿ ಮುಗಿಸಿದ ದಾದಿಯು, ಬದಲಿಯವಳು ಬಾರದಿದ್ದರೆ, ಹಗಲು ಪಾಳಿಗೂ ನಿಲ್ಲಬೇಕಾಗುತ್ತದೆ. ಜನರು ಆಕೆಯನ್ನು ದೇವಿಯೆಂದು ಕೊಂಡಾಡುತ್ತಾರೆ. ದೇವಿಗೆ ದಣಿವುಂಟೇ ಎಂದುಕೊಂಡು ಆಕೆಯ ದಣಿವನ್ನು ಮರೆಯುತ್ತಾರೆ. ಈ ಸ್ತುತಿಯೊಳಗೆ ಒಂದು ಅನ್ಯಾಯವೂ ಅಡಗಿದೆ.

ಎಡೆಬಿಡದ ಒತ್ತಡದಿಂದ ಮನಸ್ಸು ಬತ್ತಿಹೋಗುವ ಸ್ಥಿತಿಯನ್ನು ವೈದ್ಯಲೋಕವು ‘ಬರ್ನ್‌ಔಟ್’ ಎಂದು ಕರೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಇದರ ಮೂರು ಲಕ್ಷಣಗಳನ್ನು ವಿವರಿಸಿತು: ಶಕ್ತಿ ಬರಿದಾಗುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು, ಕಾರ್ಯದಕ್ಷತೆ ಕುಂದುವುದು. ಸಂಸ್ಥೆಯು ಇದನ್ನು ರೋಗಗಳ ಸಾಲಿಗೆ ಸೇರಿಸದೆ, ಉದ್ಯೋಗದಿಂದ ಹುಟ್ಟುವ ಸ್ಥಿತಿಯೆಂದು ಪರಿಗಣಿಸಿತು. ಹೀಗಿರಲು, ರೋಗಿಯೊಡನೆ ಸಿಡುಕುವ ದಾದಿಯ ಸ್ವಭಾವವನ್ನು ಹಳಿಯುವ ಮುನ್ನ ಆಕೆಯ ದುಡಿಮೆಯ ಏರ್ಪಾಟನ್ನು ಪರೀಕ್ಷಿಸುವುದು ನ್ಯಾಯ.

ನಿಷ್ಕಾಮ ಸೇವೆಯೆಂದರೆ ತನ್ನನ್ನು ಮರೆಯುವುದಲ್ಲವೇ ಎಂದು ಕೆಲವರು ಕೇಳಬಹುದು. ಫಲದಾಸೆಯನ್ನು ಬಿಡೆಂದ ಭಗವದ್ಗೀತೆಯೇ ತನ್ನ ಆರನೆಯ ಅಧ್ಯಾಯದಲ್ಲಿ, ಆಹಾರ, ದುಡಿಮೆ, ನಿದ್ರೆ, ಎಚ್ಚರಗಳು ಹದದಲ್ಲಿದ್ದವನಿಗೆ ಯೋಗವು ದುಃಖವನ್ನು ಕಳೆಯುತ್ತದೆಂದು ತಿಳಿಸುತ್ತದೆ. ಯೋಗಿಗೇ ನಿದ್ರೆ ಬೇಕಾದ ಮೇಲೆ ದಾದಿಗೆ ಬೇಡವೇ?

ಸೇವೆಯು ದೀರ್ಘಕಾಲ ಬಾಳುವುದು ಹೇಗೆಂಬುದಕ್ಕೆ ಮುಂಬಯಿಯಲ್ಲಿಯೇ ನಿದರ್ಶನವಿದೆ. ಉತ್ತರ ಕನ್ನಡದ ಹಳದೀಪುರದಿಂದ ಬಂದು ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅರುಣಾ ಶಾನಭಾಗರು 1973ರಲ್ಲಿ ಹಲ್ಲೆಗೊಳಗಾಗಿ, ಮಿದುಳು ಘಾಸಿಗೊಂಡು ಹಾಸಿಗೆ ಹಿಡಿದರು. 2015ರಲ್ಲಿ ಅವರು ಕೊನೆಯುಸಿರೆಳೆಯುವವರೆಗೆ, ಸುಮಾರು 42 ವರ್ಷ, ಆ ಆಸ್ಪತ್ರೆಯ ದಾದಿಯರೇ ಅವರನ್ನು ಸಲಹಿದರು. ಸರ್ವೋಚ್ಚ ನ್ಯಾಯಾಲಯವು 2011ರ ತೀರ್ಪಿನಲ್ಲಿ ಆ ಶುಶ್ರೂಷೆಯನ್ನು ಮುಕ್ತಕಂಠದಿಂದ ಪ್ರಶಂಸಿಸಿತು. ಅದು ಒಬ್ಬಳ ತಪಸ್ಸಲ್ಲ. ಪಾಳಿಗಳು ಬದಲಾದವು, ತಲೆಮಾರುಗಳು ಬದಲಾದವು. ದಣಿದ ಕೈಯಿಂದ ಇನ್ನೊಂದು ಕೈ ಕೆಲಸವನ್ನು ವಹಿಸಿಕೊಂಡಿತು. ಹಂಚಿಕೊಂಡದ್ದರಿಂದಲೇ ಆ ಸೇವೆ ಉಳಿಯಿತು.

ಆದಕಾರಣ ವಾರ್ಡಿಗೆ ಸಾಕಷ್ಟು ಸಿಬ್ಬಂದಿ, ರಾತ್ರಿ ಪಾಳಿಯ ಬಳಿಕ ನಿಶ್ಚಿತ ಬಿಡುವು, ಕುಳಿತು ಉಣ್ಣಲು ಸಮಯ, ಆರೈಕೆ ಮಾಡಿದ ರೋಗಿ ಕಣ್ಮುಚ್ಚಿದಾಗ ಮನಸ್ಸನ್ನು ತೋಡಿಕೊಳ್ಳಲು ಒಬ್ಬ ಹಿರಿಯಳು – ಇವುಗಳನ್ನು ಒದಗಿಸುವುದು ಆಡಳಿತದ ಧರ್ಮ. ಕರೆದೊಡನೆ ಬರಲಿಲ್ಲವೆಂದು ಗದರದಿರುವುದು ರೋಗಿಯ ಬಂಧುಗಳ ಧರ್ಮ. ಗರ್ಭಗುಡಿಯ ನಂದಾದೀಪವೂ ತಾನಾಗಿ ಉರಿಯದು. ವೇಳೆವೇಳೆಗೆ ಎಣ್ಣೆ ಎರೆಯುವವರು ಬೇಕು. ದೀಪಕ್ಕೆ ಕೈಮುಗಿಯುವವರೆಲ್ಲರಿಗೂ ಆ ಹೊಣೆಯಲ್ಲಿ ಪಾಲುಂಟು.