ಬೇತಾಳನ ಪ್ರಶ್ನೆ ಮತ್ತು ನಮ್ಮ ಮೌನ

ಕನಕಪುರದ ಮಿತ್ರರೊಬ್ಬರು ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಮುಂದೆ ಒಂದು ಚಿತ್ರಕಥೆಯ ಪುಸ್ತಕ ತಂದಿಟ್ಟರು. ಅವರ ಹನ್ನೆರಡು ವರ್ಷದ ಮಗ ಬೆಂಗಳೂರಿನ ಮಾಮುವಿನ ಮನೆಗೆ ಹೋಗಿದ್ದವನು ಅದನ್ನು ಕೊಂಡು ತಂದಿದ್ದ. ಅದು ಯಾವುದೋ ಕಥೆಯ ಎರಡನೇ ಭಾಗ. ಮೊದಲ ಭಾಗದಲ್ಲಿ ಸತ್ತಿದ್ದ ರಕ್ತಪಿಪಾಸುಗಳ ದೊರೆ ಇಲ್ಲಿ ಮತ್ತೆ ಎದ್ದು ಬಂದಿದ್ದಾನೆ. ಆಕಾಶನೌಕೆಗಳು ನಕ್ಷತ್ರದಿಂದ ನಕ್ಷತ್ರಕ್ಕೆ ಹಾರುತ್ತವೆ. ಅವುಗಳ ನಡುವೆ ಮಂತ್ರದಂಡ ಹಿಡಿದ ಮಾಂತ್ರಿಕನೂ ಇದ್ದಾನೆ. ಮಿತ್ರರ ಆಕ್ಷೇಪ ಸರಳವಾಗಿತ್ತು: "ವಿಜ್ಞಾನವೂ ಇಲ್ಲ, ಧರ್ಮವೂ ಇಲ್ಲ, ಇತಿಹಾಸವೂ ಇಲ್ಲ. ಎಲ್ಲವನ್ನೂ ಕಲಸಿ ಮಾಡಿದ ಸುಳ್ಳು. ಇದನ್ನು ಓದಿ ಮಗು ಏನು ಕಲಿಯುತ್ತದೆ ಹೇಳಿ ಭಾಯಿ?" ಬಾಗಿಲ ಬಳಿ ನಿಂತಿದ್ದ ಹುಡುಗ ಮೆಲ್ಲಗೆ ಹೇಳಿದ: "ಅಬ್ಬಾ, ಇದು ಕಥೆ ಅಂತ ನಂಗೊತ್ತು."

ಹುಡುಗನ ಆ ಒಂದು ಮಾತು ನಮ್ಮನ್ನು ಬಹಳ ದಿನ ಕಾಡಿತು. ಕಥೆಯನ್ನು ಕಥೆಯೆಂದು ತಿಳಿದು ಓದುವವನು ಸುಳ್ಳಿನ ಸಹವಾಸ ಮಾಡುತ್ತಿದ್ದಾನೆಯೇ? ಹಾಗಾದರೆ ಸುಳ್ಳು ಎಂದರೇನು? ಮಿತ್ರರ ಆತಂಕವನ್ನು ನಾವು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಮಕ್ಕಳು ಏನು ಓದುತ್ತಾರೆ ಎಂದು ಕೇಳದ ತಂದೆ ತಾಯಂದಿರಿಗಿಂತ ಕೇಳುವವರು ಮೇಲು. ಆದರೆ ಪ್ರಶ್ನೆಯನ್ನು ಸರಿಯಾದ ಜಾಗದಲ್ಲಿ ಕೇಳಬೇಕಾಗುತ್ತದೆ.

ಇಲ್ಲದ ಊರನ್ನು ಹುಡುಕಿ ಬರುವವರು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ - ಈ ನಾಲ್ಕು ತಾಲೂಕುಗಳನ್ನು ಸೇರಿಸಿ 2007ರಲ್ಲಿ ಜಿಲ್ಲೆ ಮಾಡಲಾಯಿತು. 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂತು. ಈ ಸೀಮೆಯ ಜನರಿಗೆ ಕಲ್ಪನೆಯ ಲೋಕ ಹೊಸದಲ್ಲ. 1973ರಲ್ಲಿ ರಾಮದೇವರ ಬೆಟ್ಟದ ತಪ್ಪಲಿಗೆ 'ಶೋಲೆ' ಚಿತ್ರತಂಡ ಬಂದು ರಾಮಗಢ ಎಂಬ ಒಂದು ಹಳ್ಳಿಯನ್ನೇ ಕಟ್ಟಿತು. ಚಿತ್ರ 1975ರ ಆಗಸ್ಟ್ 15ರಂದು ತೆರೆಕಂಡಿತು. ಕಟ್ಟಿದ ಹಳ್ಳಿ ಉಳಿಯಲಿಲ್ಲ. ಆದರೂ ಆ ಇಲ್ಲದ ಹಳ್ಳಿಯನ್ನು ಹುಡುಕಿಕೊಂಡು ದೂರದೂರದಿಂದ ಜನ ಬರುತ್ತಾರೆ. ಗಬ್ಬರ್ ಕುಳಿತ ಬಂಡೆ ಯಾವುದು ಎಂದು ವಿಚಾರಿಸುತ್ತಾರೆ. ಅವರಲ್ಲಿ ಯಾರೂ ಮೋಸ ಹೋಗಿಲ್ಲ. ಗಬ್ಬರ್ ಎಂಬವನು ಅಮ್ಜದ್ ಖಾನ್ ಎಂಬ ನಟ, ಅವನ ಮಾತುಗಳನ್ನು ಬರೆದವರು ಸಲೀಮ್ ಮತ್ತು ಜಾವೇದ್ ಎಂಬುದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಹೆದರಿದರು, ಅತ್ತರು, ಮತ್ತೆ ಟಿಕೆಟ್ ಕೊಂಡರು.

ಪಕ್ಕದ ಚನ್ನಪಟ್ಟಣಕ್ಕೆ ಹೋಗಿ ನೋಡಿ. ಟಿಪ್ಪು ಸುಲ್ತಾನನು ಪರ್ಶಿಯಾದಿಂದ ಕುಶಲಕರ್ಮಿಗಳನ್ನು ಕರೆಸಿ ಇಲ್ಲಿನವರಿಗೆ ಬೊಂಬೆಯ ಕೆಲಸ ಕಲಿಸಿದನೆಂದು ಪ್ರತೀತಿ. ಹಾಲೆ ಮರದ ತುಂಡು ಯಂತ್ರಕ್ಕೆ ಸಿಕ್ಕಿ ಗಿರಗಿರನೆ ತಿರುಗುತ್ತದೆ. ಉಳಿ ತಾಗಿದಂತೆ ಆಕಾರ ಬರುತ್ತದೆ. ಬಣ್ಣದ ಅರಗಿನ ಕಡ್ಡಿ ಒತ್ತಿದರೆ ತಿರುಗುವ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಬಳಿಕ ಗರಿಯಿಂದ ಉಜ್ಜಿ ಹೊಳಪು ಕೊಡುತ್ತಾರೆ. ಹೀಗೆ ಹುಟ್ಟಿದ ಮರದ ಕುದುರೆಯನ್ನು ಮಗು 'ಕುದುರೆ' ಎಂದು ಕರೆದು ಹುಲ್ಲು ತಿನ್ನಿಸುತ್ತದೆ. ಆ ಮಗುವನ್ನು ನಾವು ಸುಳ್ಳುಗಾರ ಎನ್ನುತ್ತೇವೆಯೇ? ಅದೇ ಮಗುವಿಗೆ ಹಸಿವಾದಾಗ ಆ ಹುಲ್ಲನ್ನು ತಾನು ತಿನ್ನುವುದಿಲ್ಲ, ಅಮ್ಮನ ಬಳಿ ಓಡುತ್ತದೆ. ಆಟಕ್ಕೂ ನಿಜಕ್ಕೂ ನಡುವಿನ ಗೆರೆ ಅದಕ್ಕೆ ನಮಗಿಂತ ಚೆನ್ನಾಗಿ ಗೊತ್ತು.

ಸುಳ್ಳಿಗೆ ಒಂದು ಲಕ್ಷಣವಿದೆ. ಅದು ತನ್ನನ್ನು ಸತ್ಯವೆಂದು ಹೇಳಿಕೊಳ್ಳುತ್ತದೆ. ಹಾಗೆ ಹೇಳಿಕೊಂಡು ನಮ್ಮಿಂದ ಏನನ್ನಾದರೂ ಕಸಿಯುತ್ತದೆ. ಚಿತ್ರಕಥೆಯ ಮಾಂತ್ರಿಕ ತಾನು ಕಾಗದದ ಮೇಲಿನವನೆಂದು ಒಪ್ಪಿಕೊಂಡೇ ಬರುತ್ತಾನೆ. ಆದರೆ ಮಾಟ ತೆಗೆಯುತ್ತೇನೆ, ನಿಧಿ ತೋರಿಸುತ್ತೇನೆ ಎಂದು ಬಡವರ ಮನೆಯ ಬಾಗಿಲಿಗೆ ಬರುವ ಮಾಂತ್ರಿಕ ಹಾಗೆ ಒಪ್ಪಿಕೊಳ್ಳುವುದಿಲ್ಲ. ಅವನನ್ನು ತಡೆಯಲು ಕರ್ನಾಟಕ ಸರ್ಕಾರ 2017ರಲ್ಲಿ ವಾಮಾಚಾರ ಮತ್ತು ಅಮಾನವೀಯ ದುಷ್ಟ ಪದ್ಧತಿಗಳ ವಿರುದ್ಧ ಕಾನೂನನ್ನೇ ತರಬೇಕಾಯಿತು. ಅದು ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ಪುಸ್ತಕದ ಮಂತ್ರದಂಡಕ್ಕೆ ಬೆಚ್ಚುವ ನಾವು ಈ ಎರಡನೆಯವನ ಮುಂದೆ ಎಷ್ಟೋ ಸಲ ಮೌನವಾಗಿರುತ್ತೇವೆ.

ಹಳೆಯ ರಕ್ತಪಿಪಾಸು

ಎಲ್ಲವನ್ನೂ ಕಲಸಿದ್ದಾರೆ ಎಂಬುದು ಮಿತ್ರರ ಇನ್ನೊಂದು ದೂರು. ಆದರೆ ಕಲಸದ ಕಥೆ ಯಾವುದಿದೆ? 1965ರ ಸುಮಾರಿಗೆ ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರು ಸಿಂಡ್ರೆಲಾಳಂಥ ಪಶ್ಚಿಮದ ಕಥೆಗಳನ್ನು ಕನ್ನಡದಲ್ಲಿ ಚಿತ್ರಕಥೆಗಳಾಗಿ ಹೊರತಂದರು. ಅಮರ ಚಿತ್ರ ಕಥೆ ಮಾಲೆಯ ಮೊದಲ ಹತ್ತು ಸಂಖ್ಯೆಗಳು ಅವಕ್ಕೇ ಸಂದವು. ಹಾಗಾಗಿ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ 'ಕೃಷ್ಣ' ಹನ್ನೊಂದನೆಯದಾಯಿತು. ಇನ್ನು ರಕ್ತಪಿಪಾಸುವಿನ ವಿಷಯ. 1870ರಲ್ಲಿ ರಿಚರ್ಡ್ ಬರ್ಟನ್ ಎಂಬ ಇಂಗ್ಲಿಷ್ ಲೇಖಕ ನಮ್ಮ ಬೇತಾಳನ ಕಥೆಗಳನ್ನು ತನ್ನ ಭಾಷೆಗೆ ಒಯ್ದಾಗ ಬೇತಾಳನಿಗೆ 'ವ್ಯಾಂಪೈರ್' ಎಂದೇ ಹೆಸರಿಟ್ಟ. ಬ್ರಾಮ್ ಸ್ಟೋಕರನ 'ಡ್ರಾಕುಲಾ' ಬಂದದ್ದು ಅದಾದ ಮೇಲೆ, 1897ರಲ್ಲಿ. ಸ್ಟೋಕರ್ ಬರ್ಟನ್‌ನನ್ನು ಖುದ್ದಾಗಿ ಕಂಡವನು.

ಬೇತಾಳನ ಪ್ರಯಾಣವೂ ಒಂದೇ ಸಮುದಾಯದ ಆಸ್ತಿಯಲ್ಲ. 11ನೇ ಶತಮಾನದಲ್ಲಿ ಕಾಶ್ಮೀರದ ಸೋಮದೇವ ಇದನ್ನು 'ಕಥಾಸರಿತ್ಸಾಗರ'ದಲ್ಲಿ ಸೇರಿಸಿದ. ಬ್ರಜ ಭಾಷೆಯಲ್ಲಿದ್ದದ್ದನ್ನು 19ನೇ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಮಜ್‌ಹರ್ ಅಲಿ ಖಾನ್ ವಿಲಾ ಮತ್ತು ಲಲ್ಲೂಲಾಲ್ ಎಂಬಿಬ್ಬರು ಜೊತೆಯಾಗಿ ಹಿಂದೂಸ್ತಾನಿಗೆ ತಂದರು. ಕನ್ನಡದ ಮಕ್ಕಳಿಗೆ ಅವನು ಸಿಕ್ಕಿದ್ದು 'ಚಂದಮಾಮ'ದಲ್ಲಿ. 1949ರಿಂದ ಕನ್ನಡದಲ್ಲಿ ಬಂದ ಆ ಪತ್ರಿಕೆಯಲ್ಲಿ ಹೆಗಲ ಮೇಲೆ ಶವ, ಕೈಯಲ್ಲಿ ಖಡ್ಗ ಹಿಡಿದ ರಾಜನ ಚಿತ್ರ ಬರೆದ ಶಂಕರ್ ಅವರು ತೀರಿಕೊಂಡದ್ದು 2020ರಲ್ಲಿ. ಮೂಲದ ಇಪ್ಪತ್ತೈದು ಕಥೆಗಳು ಮುಗಿದ ಮೇಲೂ ಪತ್ರಿಕೆ ಹೊಸ ಕಥೆಗಳನ್ನು ಹೆಣೆಯುತ್ತ ದಶಕಗಳ ಕಾಲ ಬೇತಾಳನನ್ನು ಮರದಿಂದ ಇಳಿಸುತ್ತಲೇ ಇತ್ತು. 'ಎರಡನೇ ಭಾಗ' ಎಂಬುದನ್ನು ನಮಗೆ ಯಾರೂ ಹೊರಗಿನಿಂದ ಕಲಿಸಬೇಕಾಗಿರಲಿಲ್ಲ.

ಆ ಕಥೆಯ ನಿಯಮವನ್ನು ನೆನಪಿಸಿಕೊಳ್ಳಿ. ರಾಜ ಮಾತನಾಡಿದರೆ ಬೇತಾಳ ಮತ್ತೆ ಮರಕ್ಕೆ ಹಾರುತ್ತಾನೆ, ಪಟ್ಟ ಶ್ರಮವೆಲ್ಲ ವ್ಯರ್ಥ. ಆದರೆ ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಹೋಳಾಗುತ್ತದೆ. ಮಾತನಾಡಿದರೆ ಗಳಿಸಿದ್ದು ಕೈಬಿಡುತ್ತದೆ, ಸುಮ್ಮನಿದ್ದರೆ ತಾನೇ ಉಳಿಯುವುದಿಲ್ಲ. ರಾಜ ಪ್ರತಿಸಲವೂ ಸತ್ಯ ಹೇಳಿ ಕೈಗೆ ಬಂದದ್ದನ್ನು ಕಳೆದುಕೊಳ್ಳುತ್ತಾನೆ, ಮತ್ತೆ ಮರದತ್ತ ನಡೆಯುತ್ತಾನೆ. ಕೊನೆಯ ಕಥೆಯ ಪ್ರಶ್ನೆಗೆ ಮಾತ್ರ ಅವನಿಗೆ ನಿಜವಾಗಿಯೂ ಉತ್ತರ ಗೊತ್ತಿಲ್ಲ. ಆಗ ಸುಮ್ಮನಿರುತ್ತಾನೆ, ತಲೆಗೆ ಏನೂ ಆಗುವುದಿಲ್ಲ. ಗೊತ್ತಿಲ್ಲದಾಗ ಸುಮ್ಮನಿರುವುದು ವಿವೇಕ. ಗೊತ್ತಿದ್ದೂ ಸುಮ್ಮನಿರುವುದು ನಾಶ. ಇದಕ್ಕಿಂತ ದೊಡ್ಡ ನೀತಿಪಾಠವನ್ನು ಯಾವ ಶಾಲೆ ಕಲಿಸುತ್ತದೆ? ಅದನ್ನು ಹೇಳಿದವನು ಹೆಣದೊಳಗೆ ಹೊಕ್ಕ ಒಬ್ಬ ಪ್ರೇತ.

ಕೊನೆಗೆ ರಾಜನನ್ನು ಬಲಿ ಕೊಡಲು ಹೊಂಚು ಹಾಕಿದವನು ಸಾಧುವಿನ ವೇಷದಲ್ಲಿದ್ದವನೆಂದು ತಿಳಿಯುತ್ತದೆ. ಎಚ್ಚರಿಸಿ ಪ್ರಾಣ ಉಳಿಸಿದವನು ಅದೇ ಬೇತಾಳ. ವೇಷವನ್ನು ನೋಡಿ ಮನುಷ್ಯನನ್ನು ಅಳೆಯಬಾರದು ಎಂಬುದನ್ನು ಕಥೆ ಉಪದೇಶ ಮಾಡದೆಯೇ ಕಲಿಸುತ್ತದೆ.

ರಾಕ್ಷಸನಿಗೆ ಬಾಯಿ ಇದೆಯೇ?

ಹಾಗಾದರೆ ಎಲ್ಲ ಚಿತ್ರಕಥೆಗಳೂ ಒಳ್ಳೆಯವೇ? ಇಲ್ಲ. ನಾವು ಮಿತ್ರರ ಪುಸ್ತಕವನ್ನು ಪೂರ್ತಿ ಓದಿದೆವು. ನಮಗೆ ಕಸಿವಿಸಿಯಾದದ್ದು ಮಾಂತ್ರಿಕನಿಂದಲ್ಲ, ಆಕಾಶನೌಕೆಯಿಂದಲೂ ಅಲ್ಲ. ಅದರಲ್ಲಿ ರಕ್ತಪಿಪಾಸುಗಳದ್ದು ಒಂದು ಇಡೀ ಗ್ರಹ. ಅಲ್ಲಿ ಹುಟ್ಟಿದವರೆಲ್ಲ ಹುಟ್ಟಿನಿಂದಲೇ ಕೆಟ್ಟವರು. ಅವರಿಗೆ ಹೆಸರಿಲ್ಲ, ಅವರು ಮಾತನಾಡುವುದಿಲ್ಲ. ನಾಯಕ ಒಂದು ಗುಂಡಿ ಒತ್ತುತ್ತಾನೆ, ಗ್ರಹ ಉರಿದು ಹೋಗುತ್ತದೆ, ಎಲ್ಲರೂ ಕುಣಿಯುತ್ತಾರೆ. ಅಲ್ಲಿ ನಾವು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕುಳಿತೆವು.

10ನೇ ಶತಮಾನದ ಬಸ್ರಾದಲ್ಲಿ 'ಇಖ್ವಾನುಸ್ಸಫಾ' ಎಂಬ ಚಿಂತಕರ ಬಳಗವಿತ್ತು. ಅವರು ಬರೆದ ಒಂದು ಕಥೆಯಲ್ಲಿ ಪ್ರಾಣಿಗಳು ಜಿನ್ನ್‌ಗಳ ದೊರೆಯ ಆಸ್ಥಾನಕ್ಕೆ ಹೋಗಿ ಮನುಷ್ಯರ ಮೇಲೆ ದೂರು ಕೊಡುತ್ತವೆ. ಬೆನ್ನ ಮೇಲಿನ ಬಾಸುಂಡೆಗಳ ಬಗ್ಗೆ, ಕಸಿದುಕೊಂಡ ಮರಿಗಳ ಬಗ್ಗೆ ಒಂದೊಂದಾಗಿ ವಾದ ಮಾಡುತ್ತವೆ. ಮನುಷ್ಯರು ತಮ್ಮ ಹಿರಿಮೆಯೆಂದು ಹೇಳಿದ್ದಕ್ಕೆಲ್ಲ ಅವು ಉತ್ತರ ಕೊಡುತ್ತವೆ. ಕೊನೆಗೆ ತೀರ್ಪು ಮನುಷ್ಯರ ಪರವಾಗಿಯೇ ಬಂದರೂ ಓದುಗ ಮೊದಲಿನಂತೆ ಉಳಿಯುವುದಿಲ್ಲ. 1810ರಲ್ಲಿ ಇಕ್ರಾಮ್ ಅಲಿ ಇದನ್ನು ಉರ್ದುವಿಗೆ ತಂದರು. ಜಿನ್ನ್‌ಗಳ ದರ್ಬಾರು, ಮಾತನಾಡುವ ಹೇಸರಗತ್ತೆ - ಇಂದಿನ ಚಿತ್ರಕಥೆಗೆ ಏನೂ ಕಡಿಮೆಯಿಲ್ಲ. ವ್ಯತ್ಯಾಸ ಒಂದೇ: ಅಲ್ಲಿ ಎದುರಾಳಿಗೆ ಬಾಯಿ ಇದೆ, ವಿಚಾರಣೆ ಇದೆ. ಕಥೆಯನ್ನು ಅಳೆಯಲು ನಮಗೆ ತೋಚುವ ಕೋಲು ಇದು. ರಾಕ್ಷಸನಿಗೆ ಮಾತನಾಡಲು ಅವಕಾಶ ಕೊಡುವ ಕಥೆ ಮಗುವಿಗೆ ನ್ಯಾಯ ಕಲಿಸುತ್ತದೆ. ಕೊಡದ ಕಥೆ ಕೊಲ್ಲುವುದು ಎಷ್ಟು ಸುಲಭವೆಂದು ಕಲಿಸುತ್ತದೆ.

ಇದು ಬರೀ ಪುಸ್ತಕದ ಮಾತಲ್ಲ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವದಂತಿ ಮೊಬೈಲಿನಿಂದ ಮೊಬೈಲಿಗೆ ಹರಿಯಿತು. ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ರಾಜಸ್ಥಾನದಿಂದ ಬಂದಿದ್ದ ಒಬ್ಬ ಕೂಲಿಕಾರನನ್ನು ಜನ ಹೊಡೆದು ಕೊಂದರು. ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ತರುಣ ಎಂಜಿನಿಯರ್ ಹಾಗೆಯೇ ಸತ್ತ. ಅವನೂ ಅವನ ಗೆಳೆಯರೂ ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು, ಅಷ್ಟೇ. ಹೊಡೆದವರು ಚಿತ್ರಕಥೆ ಓದಿ ಕೆಟ್ಟವರಲ್ಲ. ತಾವು ಕೇಳಿದ್ದು ಕಥೆ ಎಂದು ಅವರಿಗೆ ಗೊತ್ತಾಗಲಿಲ್ಲ. ಹೊಸ ಮುಖದ ಮೇಲೆ ಅವರು ರಕ್ತಪಿಪಾಸುವಿನ ಮುಖವಾಡ ಹೊದಿಸಿದರು, ಆ ಮುಖಕ್ಕೆ ಮಾತನಾಡಲು ಬಿಡಲಿಲ್ಲ. 1990ರ ದಶಕದಲ್ಲಿ ಬೆಂಗಳೂರಿನ ಸುತ್ತಮುತ್ತ ರಾತ್ರಿ ಬಾಗಿಲು ಬಡಿಯುವ ದೆವ್ವಕ್ಕೆ ಹೆದರಿ ಮನೆಮನೆಯ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದ ದಿನಗಳು ಕೆಲವರಿಗೆ ನೆನಪಿರಬಹುದು. ಆ ಮೂಢನಂಬಿಕೆಯೂ ಎಷ್ಟೋ ಸೌಮ್ಯವಾಗಿತ್ತು. ದೆವ್ವವನ್ನು ನಾಳೆ ಬಾ ಎಂದು ಕಳಿಸಿದರು. ಮನುಷ್ಯನಿಗೆ ನಾಳೆಯೇ ಇಲ್ಲದಂತೆ ಮಾಡಿದವರು ನಾವು.

ಬೆಟ್ಟದ ಮೇಲೆ ಒಂದು ಆರೋಪ

ಮಾಗಡಿಯ ಸಾವನದುರ್ಗಕ್ಕೆ ಹೋದವರಿಗೆ ಬೆಟ್ಟದ ಬುಡದಲ್ಲಿ ವೀರಭದ್ರ, ನರಸಿಂಹರ ಗುಡಿಗಳೂ ಒಂದು ದರ್ಗಾವೂ ಕಾಣುತ್ತವೆ. ಡೇವಿಡ್ ಲೀನ್ ತನ್ನ 1984ರ 'ಎ ಪ್ಯಾಸೇಜ್ ಟು ಇಂಡಿಯಾ' ಚಿತ್ರದ ಗುಹೆಗಳ ದೃಶ್ಯಗಳಿಗೆ ಆರಿಸಿಕೊಂಡದ್ದು ಇಲ್ಲಿಯ ಮತ್ತು ರಾಮನಗರದ ಬಂಡೆಗಳನ್ನು. ಇ.ಎಂ. ಫಾರ್ಸ್ಟರ್ 1924ರಲ್ಲಿ ಪ್ರಕಟಿಸಿದ ಆ ಕಾದಂಬರಿಯನ್ನು ತನ್ನ ಗೆಳೆಯ ಸೈಯದ್ ರಾಸ್ ಮಸೂದ್‌ಗೆ ಅರ್ಪಿಸಿದ್ದ. ಮಸೂದ್ ಎಂದರೆ ಅಲಿಗಢದ ಸರ್ ಸೈಯದ್ ಅವರ ಮೊಮ್ಮಗ. ಕಥೆಯಲ್ಲಿ ಡಾಕ್ಟರ್ ಅಜೀಜ್ ಮೇಲೆ ಅಡೆಲಾ ಎಂಬ ಇಂಗ್ಲಿಷ್ ಯುವತಿ ಗುಹೆಯಲ್ಲಿ ತನ್ನ ಮೇಲೆ ಕೈಮಾಡಿದನೆಂದು ಆರೋಪ ಹೊರಿಸುತ್ತಾಳೆ. ಆಡಳಿತವೆಲ್ಲ ಅವಳ ಬೆನ್ನಿಗೆ ನಿಲ್ಲುತ್ತದೆ. ಸಾಕ್ಷಿಕಟ್ಟೆಯಲ್ಲಿ ನಿಂತಾಗ ಅವಳಿಗೆ ತಾನು ತಪ್ಪಿದ್ದೇನೆ ಎಂದು ಹೊಳೆಯುತ್ತದೆ. ಸುಮ್ಮನಿದ್ದರೆ ಸಾಕಿತ್ತು. ಆದರೆ ಅವಳು ಆರೋಪ ಹಿಂತೆಗೆದುಕೊಳ್ಳುತ್ತಾಳೆ. ಅವಳ ಜನ ಅವಳನ್ನು ಕೈಬಿಡುತ್ತಾರೆ, ನಿಶ್ಚಯವಾಗಿದ್ದ ಮದುವೆ ಮುರಿಯುತ್ತದೆ. ರಾಜನ ಹೆಗಲಿನಿಂದ ಬೇತಾಳ ಮತ್ತೆ ಮರಕ್ಕೆ ಹಾರಿದ ಹಾಗೆಯೇ ಇದು. ಅವಳ ತಲೆ ಮಾತ್ರ ಹೋಳಾಗಲಿಲ್ಲ.

ಅಜೀಜ್ ಎಂದೂ ಇರಲಿಲ್ಲ, ಅಡೆಲಾ ಎಂದೂ ಇರಲಿಲ್ಲ. ಆದರೂ ಸುಳ್ಳು ಆರೋಪವೆಂದರೇನು, ಅದರೆದುರು ಒಬ್ಬ ಸಾಕ್ಷಿ ಏನು ಮಾಡಬಲ್ಲಳು ಎಂಬುದನ್ನು ಅವರಿಂದ ಕಲಿಯಬಹುದು. ವದಂತಿ ಹರಡಿದ ದಿನ ನಮ್ಮ ಬೀದಿಯಲ್ಲಿ, ನಮ್ಮ ಮೊಬೈಲಿನ ಗುಂಪಿನಲ್ಲಿ, ಅದು ಸುಳ್ಳೆಂದು ಬಲ್ಲವರು ಒಬ್ಬಿಬ್ಬರಾದರೂ ಇದ್ದೇ ಇರುತ್ತಾರೆ. ಅದು ಬೇರೆಯವರ ಮೇಲಿನ ವದಂತಿಯಾದಾಗ ನಮ್ಮಲ್ಲಿ ಎಷ್ಟು ಜನ ಬಾಯಿ ತೆರೆದಿದ್ದೇವೆ? ನಮ್ಮ ಮೇಲಿನದಾದಾಗ ಮಾತ್ರ ಸತ್ಯ ನೆನಪಾದರೆ ಅದು ಸತ್ಯದ ಪ್ರೀತಿಯಲ್ಲ.

ಮಿತ್ರರಿಗೆ ನಾವು ಪುಸ್ತಕವನ್ನು ಹಿಂದಿರುಗಿಸುವಾಗ ಒಂದೇ ಸಲಹೆ ಕೊಟ್ಟೆವು: ಕಸಿದುಕೊಳ್ಳಬೇಡಿ, ಜೊತೆಯಲ್ಲಿ ಕುಳಿತು ಓದಿ. ಆ ಗ್ರಹದಲ್ಲಿ ಪುಟ್ಟ ಮಕ್ಕಳಿದ್ದರೇ ಎಂದು ಮಗನನ್ನು ಕೇಳಿ. ವಾರದ ಬಳಿಕ ಅವರು ಫೋನು ಮಾಡಿದರು. ಹುಡುಗ ಬಹಳ ಹೊತ್ತು ಯೋಚಿಸಿ, "ಬರೆದವರು ಅದನ್ನ ಹೇಳಿಲ್ಲ ಅಬ್ಬಾ, ಹೇಳಬೇಕಿತ್ತು" ಎಂದನಂತೆ. ಮೂರನೇ ಭಾಗವನ್ನು ತಾನೇ ಬರೆಯುತ್ತೇನೆಂದು ಶಾಲೆಯ ನೋಟ್‌ಪುಸ್ತಕದ ಹಿಂದಿನ ಹಾಳೆಗಳಲ್ಲಿ ಚಿತ್ರ ಬಿಡಿಸಲು ಶುರುಮಾಡಿದ್ದಾನಂತೆ. ಅದರಲ್ಲಿ ಸುಟ್ಟ ಗ್ರಹದಿಂದ ತಪ್ಪಿಸಿಕೊಂಡ ಒಬ್ಬ ಹುಡುಗನಿದ್ದಾನೆ. ಅವನಿಗೆ ಹೆಸರಿದೆ. ಅವನು ಮಾತನಾಡುತ್ತಾನೆ.