ಸಮುದಾಯದ ಋಣ, ನಾಡಿನ ಓದು: ಪ್ರೊ. ಆ. ನೇ. ಉಪಾಧ್ಯೆ ಅವರನ್ನು ನೆನೆದು

ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯಲ್ಲಿ ಇಂದು ಜೈನರ ಮನೆಗಳು ಬಹಳವಿಲ್ಲ. ಒಂದು ಕಾಲಕ್ಕೆ ಹಾಗಿರಲಿಲ್ಲ. ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರದಲ್ಲಿ ಸುಮಾರು 898ರಲ್ಲಿ ಗುಣಭದ್ರರ 'ಉತ್ತರಪುರಾಣ'ಕ್ಕೆ ಪೂಜೆ ಸಂದಿತು. ಚಾವುಂಡರಾಯ, ರನ್ನರ ಗುರು ಅಜಿತಸೇನಾಚಾರ್ಯರು ಅಲ್ಲಿದ್ದರು. ಗಂಗರ ಮಾರಸಿಂಹ ಸಿಂಹಾಸನ ಬಿಟ್ಟು ಬಂದು 974ರ ಸುಮಾರಿಗೆ ಅವರ ಸನ್ನಿಧಿಯಲ್ಲೇ ಸಲ್ಲೇಖನ ಕೈಗೊಂಡು ದೇಹ ತ್ಯಜಿಸಿದ. ಇನ್ನು ಹಿರೇಕೆರೂರು ತಾಲ್ಲೂಕಿನ ಅಬಲೂರಿನಲ್ಲಿ ಸುಮಾರು 1200ರ ಶಾಸನವೊಂದಿದೆ. ಶಿವಭಕ್ತ ಏಕಾಂತದ ರಾಮಯ್ಯ ಜೈನರೊಡನೆ ಪಣ ಕಟ್ಟಿ ಗೆದ್ದದ್ದನ್ನೂ ಜಿನಬಿಂಬವನ್ನು ಒಡೆದದ್ದನ್ನೂ ಅದು ಹೇಳುತ್ತದೆ. ಕಲ್ಲಿನ ಮೇಲೆ ಉಳಿದದ್ದು ಗೆದ್ದವರ ಮಾತು. ಸೋತವರು ಏನು ಹೇಳುತ್ತಿದ್ದರು, ಏನು ಓದುತ್ತಿದ್ದರು, ತಮ್ಮೊಳಗೆ ಏನೆಂದು ವಾದಿಸುತ್ತಿದ್ದರು ಎಂಬುದು ತಿಳಿಯಬೇಕಾದರೆ ತಾಳೆಗರಿಗಳನ್ನು ಬಿಚ್ಚಲೇಬೇಕು. ಆ ಕೆಲಸಕ್ಕೆ ಜೀವಮಾನವನ್ನೇ ಕೊಟ್ಟವರು ಪ್ರೊಫೆಸರ್ ಆದಿನಾಥ ನೇಮಿನಾಥ ಉಪಾಧ್ಯೆ. ತನ್ನ ಸಮುದಾಯವನ್ನು ಪ್ರೀತಿಸುವ ವಿದ್ವಾಂಸ ಅದಕ್ಕೆ ಮಾಡಬಹುದಾದ ದೊಡ್ಡ ಸೇವೆ ಅದರ ಗ್ರಂಥಗಳನ್ನು ಎಲ್ಲರ ಪರೀಕ್ಷೆಗೂ ತೆರೆದಿಡುವುದು ಎಂಬುದಕ್ಕೆ ಅವರ ಬಾಳೇ ಸಾಕ್ಷಿ.

ಉಪಾಧ್ಯೆ ಹುಟ್ಟಿದ್ದು 1906ರಲ್ಲಿ, ಬೆಳಗಾವಿ ಜಿಲ್ಲೆಯ ಸದಲಗದಲ್ಲಿ. 1930ರಿಂದ 1962ರವರೆಗೆ ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿ ಕಲಿಸಿದರು. ಕುಂದಕುಂದರ 'ಪ್ರವಚನಸಾರ'ವನ್ನು 1935ರಲ್ಲಿ, ಜಟಾಸಿಂಹನಂದಿಯ 'ವರಾಂಗಚರಿತ'ವನ್ನು 1938ರಲ್ಲಿ, ಹರಿಷೇಣನ 'ಬೃಹತ್ಕಥಾಕೋಶ'ವನ್ನು 1943ರಲ್ಲಿ ಸಂಪಾದಿಸಿ ಹೊರತಂದರು. ನಿವೃತ್ತಿಯಾದ ಮೇಲೂ ಕೈ ಕಟ್ಟಿ ಕೂಡಲಿಲ್ಲ. 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. 1971ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಜೈನಶಾಸ್ತ್ರ ಮತ್ತು ಪ್ರಾಕೃತದ ಪ್ರಾಧ್ಯಾಪಕರಾಗಿ ಮತ್ತೆ ಪಾಠಕ್ಕೆ ನಿಂತರು. 1975ರಲ್ಲಿ ತೀರಿಕೊಂಡರು.

ತನ್ನವರ ಮೇಲೆ ಅಭಿಮಾನವಿರುವವನು ತನ್ನವರ ವಕೀಲನೇ ಆಗಿಬಿಡುತ್ತಾನೆ ಎಂಬುದು ಇಂಥ ಕೆಲಸಕ್ಕೆ ಬರುವ ಮೊದಲ ಆಕ್ಷೇಪ. ಇದು ಹುರುಳಿಲ್ಲದ ಮಾತೇನಲ್ಲ. ಅಂಥ ಬರಹ ಎಲ್ಲ ಮತಗಳಲ್ಲೂ ರಾಶಿ ಬಿದ್ದಿದೆ. ಆದರೆ ಉಪಾಧ್ಯೆ ಯಾಪನೀಯರ ವಿಷಯದಲ್ಲಿ ಮಾಡಿದ್ದನ್ನು ನೋಡಿ. ಯಾಪನೀಯರು ಉತ್ತರ ಕರ್ನಾಟಕದಲ್ಲಿ ಬಲವಾಗಿ ಬೇರೂರಿ, ಆಮೇಲೆ ಹೆಸರಿಲ್ಲದಂತಾದ ಜೈನ ಸಂಘ. ಅವರ ಮುನಿಗಳು ದಿಗಂಬರರಂತೆ ನಗ್ನರು. ಆದರೆ ಹೆಣ್ಣಿಗೆ ಹೆಣ್ಣಿನ ಜನ್ಮದಲ್ಲೇ ಮೋಕ್ಷವುಂಟು ಎಂದು ಶ್ವೇತಾಂಬರರಂತೆ ನಂಬಿದವರು. ದಿಗಂಬರ ಮತ ಇದನ್ನು ಒಪ್ಪುವುದಿಲ್ಲ. ದಿಗಂಬರ ಮನೆತನದ ಉಪಾಧ್ಯೆ 1933ರಲ್ಲೇ ಯಾಪನೀಯರ ಬಗ್ಗೆ ಪ್ರಬಂಧ ಬರೆದರು. ನಾಲ್ಕು ದಶಕಗಳ ನಂತರ, ಬಾಳಿನ ಕೊನೆಯ ವರ್ಷಗಳಲ್ಲಿ ಮತ್ತೆ ಅದೇ ವಿಷಯಕ್ಕೆ ಮರಳಿದರು. ತಮ್ಮ ಪಂಥ ಒಪ್ಪದ ಮಾತು ಇದೇ ನೆಲದಲ್ಲಿ ಬಾಳಿತ್ತು ಎಂಬುದನ್ನು ಮುಚ್ಚಿಡದೆ ದಾಖಲಿಸಿದರು. ಶ್ವೇತಾಂಬರ ಉದ್ಯೋತನಸೂರಿ 779ರಲ್ಲಿ ಬರೆದ 'ಕುವಲಯಮಾಲಾ' ಪ್ರಾಕೃತ ಕಥೆಗೂ ವರ್ಷಗಟ್ಟಲೆ ದುಡಿದರು. ಅದರಲ್ಲಿ ಬರುವ ಪೇಟೆಯಲ್ಲಿ ನಾನಾ ದೇಶದ ವರ್ತಕರ ನಡುವೆ ಕರ್ಣಾಟಕದವರೂ ಇದ್ದಾರೆ. ವಕೀಲಿಕೆ ಮಾಡುವವನು ತನ್ನ ಪಕ್ಷಕ್ಕೆ ಒದಗುವ ಕಾಗದಗಳನ್ನಷ್ಟೇ ಮುಂದಿಡುತ್ತಾನೆ. ಇವರು ಹಾಗೆ ಮಾಡಲಿಲ್ಲ.

ಎರಡನೆಯ ಆಕ್ಷೇಪ ಸಮುದಾಯದ ಒಳಗಿನಿಂದಲೇ ಬರುವಂಥದ್ದು: ಪೂಜೆಯ ಗ್ರಂಥ ಅಚ್ಚಾಗಿ ಅಂಗಡಿಗೆ ಬಂದರೆ ಪಾವಿತ್ರ್ಯ ಎಲ್ಲಿ ಉಳಿಯಿತು? ಮೂಡಬಿದಿರೆಯಲ್ಲಿ ದಿಗಂಬರರ ಪವಿತ್ರ ಗ್ರಂಥ 'ಧವಲಾ'ದ ತಾಳೆಗರಿಗಳು ಬಹುಕಾಲ ದರ್ಶನಕ್ಕಷ್ಟೇ ಸಿಗುತ್ತಿದ್ದವು. ಹಳಗನ್ನಡ ಲಿಪಿಯಲ್ಲಿದ್ದ ಆ ಗರಿಗಳನ್ನು ಓದಬಲ್ಲವರು ವಿರಳವಾಗುತ್ತ ಬಂದರು. ಒಂದೇ ಕಡೆ ಉಳಿದ ಪ್ರತಿ ಹುಳ ಹಿಡಿದು ಹಾಳಾಗಿದ್ದರೆ ಪೂಜೆಗೂ ಏನೂ ಉಳಿಯುತ್ತಿರಲಿಲ್ಲ. ಹೀರಾಲಾಲ್ ಜೈನ್ ಅವರು 1939ರಿಂದ 'ಧವಲಾ'ವನ್ನು ಹದಿನಾರು ಸಂಪುಟಗಳಲ್ಲಿ ಹೊರತಂದಾಗ ಉಪಾಧ್ಯೆ ಹೆಗಲಿಗೆ ಹೆಗಲು ಕೊಟ್ಟರು. ಮೂಡಬಿದಿರೆಯಲ್ಲಿ ಇಂದಿಗೂ ಆ ಗರಿಗಳಿಗೆ ಕೈ ಮುಗಿಯುತ್ತಾರೆ. ಅಚ್ಚಿನಿಂದ ಭಕ್ತಿಗೆ ಕುಂದು ಬರಲಿಲ್ಲ. ಓದು ಮಾತ್ರ ಹೆಚ್ಚಿತು.

ಜೈನರ ಕೆಲಸ ಜೈನರಿಗಾಯಿತು, ಕನ್ನಡಕ್ಕೇನು ಬಂತು ಎಂದು ಕೇಳುವವರೂ ಇದ್ದಾರೆ. ಕನ್ನಡದ ಹಳೆಯ ಗದ್ಯಕೃತಿ 'ವಡ್ಡಾರಾಧನೆ'ಯ ಕಥೆಗಳ ಬೇರು ಯಾವ ಪರಂಪರೆಯಲ್ಲಿದೆ ಎಂಬ ಚರ್ಚೆಯಲ್ಲಿ 'ಬೃಹತ್ಕಥಾಕೋಶ'ಕ್ಕೆ ಅವರು ಬರೆದ ಪ್ರಸ್ತಾವನೆಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಒಂದು ಸಮುದಾಯದ ಕೆಲಸ ಇತರರಿಗೂ ಒದಗುತ್ತದೆ ಎಂಬುದನ್ನು ಕಡಲಾಚೆಯ ಇನ್ನೊಂದು ಉದಾಹರಣೆ ಇನ್ನಷ್ಟು ಸ್ಪಷ್ಟ ಮಾಡುತ್ತದೆ. ಎಸ್. ಡಿ. ಗೊಯ್ಟೈನ್ ಯಹೂದಿ ವಿದ್ವಾಂಸ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಿಂದ 1970ರಲ್ಲಿ ನಿವೃತ್ತರಾದ ಮೇಲೂ 1985ರಲ್ಲಿ ತೀರಿಕೊಳ್ಳುವವರೆಗೆ ಕೈರೋದ ಸಿನಗಾಗ್ ಒಂದರ ಕೋಣೆಯಲ್ಲಿ ಸಿಕ್ಕ ಹಳೆಯ ಕಾಗದಗಳನ್ನು ಓದುತ್ತಲೇ ಇದ್ದರು. ತಮ್ಮ ಸಮುದಾಯದ ಚರಿತ್ರೆಗಾಗಿ ಹಿಡಿದ ಆ ಕೆಲಸದಲ್ಲಿ ನಮ್ಮ ಮಂಗಳೂರೂ ಬೆಳಕಿಗೆ ಬಂತು. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ನೆಲೆಸಿದ್ದ ವ್ಯಾಪಾರಿ ಅಬ್ರಹಾಂ ಬೆನ್ ಯಿಜು, ಅವನ ಕಂಚಿನ ಕಾರ್ಖಾನೆ, ಅವನ ಆಳು ಬೊಮ್ಮ, ಏಡನ್ನಿನ ಗೆಳೆಯರು ಅವನಿಗೆ ಕಳಿಸುತ್ತಿದ್ದ ಸಕ್ಕರೆ, ಒಣದ್ರಾಕ್ಷಿ, ಬರೆಯುವ ಕಾಗದ ಎಲ್ಲವೂ ಆ ಪತ್ರಗಳಲ್ಲಿವೆ. ಒಂದು ಸಣ್ಣ ಸಮುದಾಯದ ಕಾಗದಗಳನ್ನು ಪ್ರಾಮಾಣಿಕವಾಗಿ ಓದಿದಾಗ ನೆರೆಯವರ ಬದುಕೂ ಅದರಲ್ಲೇ ಸಿಗುತ್ತದೆ. ಜನ ಎಂದೂ ಬೇರೆ ಬೇರೆಯಾಗಿ ಬಾಳಿದವರಲ್ಲ.

ಹೊರನಾಡಿನ ಕನ್ನಡಿಗರಾದ ನಾವೂ ಈಗ ಒಂದು ಸಣ್ಣ ಸಮುದಾಯವೇ. ಸಂಘ ಕಟ್ಟುತ್ತೇವೆ, ಹಬ್ಬ ಮಾಡುತ್ತೇವೆ, ಮಕ್ಕಳಿಗೆ ಭಾಷೆ ಕಲಿಸುತ್ತೇವೆ. ಇದೆಲ್ಲ ಬೇಕು. ಆದರೆ ದಾಖಲೆಗಳನ್ನು ಉಳಿಸದ ಅಭಿಮಾನ ಒಂದು ತಲೆಮಾರು ದಾಟುವುದಿಲ್ಲ. ದಾಖಲೆಗಳಿದ್ದೂ ಪರೀಕ್ಷೆಗೆ ಒಡ್ಡದಿದ್ದರೆ ಆ ಅಭಿಮಾನ ಬರೀ ಹೊಗಳಿಕೆಯಾಗುತ್ತದೆ. ಊರಿನ ಮನೆಯ ಅಟ್ಟದಲ್ಲಿ ತಾಳೆಗರಿಯ ಕಟ್ಟು, ಬಟ್ಟೆ ಸುತ್ತಿದ ಲೆಕ್ಕದ ವಹಿ, ಹಿರಿಯರ ಪತ್ರಗಳು ಇದ್ದರೆ ಅವು ಯಾವ ಜಾತಿಯ, ಯಾವ ಮತದ ಮನೆಯವೇ ಆಗಿರಲಿ, ಮುಂದಿನ ಸಲ ಊರಿಗೆ ಹೋದಾಗ ಅವುಗಳ ಫೋಟೋ ತೆಗೆಸಿ. ಧಾರವಾಡದ ಕನ್ನಡ ಅಧ್ಯಯನ ಪೀಠಕ್ಕೋ, ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೋ, ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೋ ತಿಳಿಸಿ. ನಮಗೆ ಹಿತವಾಗದ ಸಂಗತಿ ಅವುಗಳಲ್ಲಿ ಸಿಕ್ಕರೂ ಅಚ್ಚಾಗಲಿ. ಉಪಾಧ್ಯೆ ಅವರಿಗೆ ಸಲ್ಲಬೇಕಾದ ಗೌರವ ಇದೇ.