ಹದ್ದಿಗೆ ಯಾವುದು ಊರು?

ನಮ್ಮ ಅರಸೀಕೆರೆ ಕಡೆ ಹದ್ದು ಅಂದರೆ ಕೋಳಿಮರಿ ಕದಿಯುವ ಕಳ್ಳ. ಅದನ್ನು ನೋಡೋದಕ್ಕೆ ರಾತ್ರಿಯಿಡೀ ರೈಲಿನಲ್ಲಿ ಹೋಗುವವರಿದ್ದಾರೆ ಅಂದರೆ ನಮ್ಮಮ್ಮ ನಕ್ಕುಬಿಡುತ್ತಿದ್ದರು. ನಿವೃತ್ತನಾದ ಮೇಲೆ ನಾನೇ ಅಂಥವನಾದೆ. ಡಿಸೆಂಬರ್ ಬಂತೆಂದರೆ ದೆಹಲಿಯಿಂದ ಬಿಕಾನೇರಿಗೆ ಹೋಗಿ, ಊರಾಚೆಯ ಜೋಡ್‌ಬೀಡ್‌ನಲ್ಲಿ ಬೈನಾಕ್ಯುಲರ್ ಹಿಡಿದು ನಿಲ್ಲುತ್ತೇನೆ.

ಜೋಡ್‌ಬೀಡ್ ಸತ್ತ ದನ, ಒಂಟೆಗಳನ್ನು ತಂದು ಹಾಕುವ ಬಯಲು. ಮೂಗಿಗೆ ಕರ್ಚೀಫು ಬೇಕೇ ಬೇಕು. ಆದರೆ ಅಲ್ಲಿನ ಮರದ ಮೇಲೆ, ನೆಲದ ಮೇಲೆ, ಎಲ್ಲೆಂದರಲ್ಲಿ ಸ್ಟೆಪಿ ಹದ್ದುಗಳು. ಹಿಮಾಲಯದ ಗೋಲ್ಡನ್ ಈಗಲ್‌ನ ದಾಯಾದಿ ಇವು. ಹೊಸಬರು ಕಂದು ಹದ್ದು ಕಂಡರೆ ಸಾಕು, ‘ಗೋಲ್ಡನ್, ಗೋಲ್ಡನ್’ ಅಂತ ಕೂಗುತ್ತಾರೆ. ಮೊದಲ ವರ್ಷ ನಾನೂ ಕೂಗಿದ್ದೆ. ಬಾಯಿಯ ಹಳದಿ ಅಂಚು ಕಣ್ಣಿನ ಹಿಂಬದಿಯವರೆಗೂ ಹೋಗಿದ್ದರೆ ಅದು ಸ್ಟೆಪಿ ಅಂತ ಆಮೇಲೆ ಕಲಿತೆ. ರಷ್ಯಾ, ಕಜಾಕಿಸ್ತಾನ, ಮಂಗೋಲಿಯಾಗಳ ಹುಲ್ಲುಗಾವಲಿನಲ್ಲಿ, ಎಷ್ಟೋ ಸಲ ಬರೀ ನೆಲದ ಮೇಲೇ, ಗೂಡು ಕಟ್ಟುವ ಹಕ್ಕಿ ಇದು. ಅಲ್ಲಿ ಹಿಮ ಬೀಳುವ ಹೊತ್ತಿಗೆ ಇಲ್ಲಿಗೆ ಬಂದು, ಮಾರ್ಚ್ ಹೊತ್ತಿಗೆ ಹೊರಟುಬಿಡುತ್ತದೆ. ಇಲ್ಲಿ ಒಂದು ಕಡ್ಡಿಯನ್ನೂ ಗೂಡಿಗೆಂದು ಎತ್ತಿಡುವುದಿಲ್ಲ.

ಈ ಕೊನೆಯ ಸಂಗತಿ ನನಗೆ ಬಹಳ ಹಿಡಿಸಿತ್ತು. ದೆಹಲಿ ಮತ್ತು ಸುತ್ತಮುತ್ತಲ ಶಾಖೆಗಳಲ್ಲೇ 34 ವರ್ಷ ಕೆಲಸ ಮಾಡಿದರೂ ‘ನಾವು ಇಲ್ಲಿಯವರಲ್ಲ’ ಎಂಬುದು ನನ್ನ ಬಾಯಿಪಾಠ. ಕಾಲೊನಿಯ ಜಗಳ, ಚುನಾವಣೆ, ಲೆಕ್ಕಪತ್ರ ಯಾವುದಕ್ಕೂ ತಲೆ ಹಾಕಲಿಲ್ಲ. ಭಾನುವಾರ ಕರ್ನಾಟಕ ಸಂಘಕ್ಕೆ ಹೋದೆವು, ನಾಟಕ ನೋಡಿದೆವು, ಬಂದೆವು.

ಹೀಗಿರುವಾಗ ಒಂದು ದಿನ ಕೆಳಗಿನ ಮನೆಯ ಪಂಜಾಬಿ ಹಿರಿಯರು ಕಾಗದ ಹಿಡಿದು ಬಂದರು. ಪಾರ್ಕಿಂಗಿಗಾಗಿ ಮೂರು ಬೇವಿನ ಮರ ಕಡಿಸುವ ಯೋಚನೆ ನಡೆದಿತ್ತು. ದೆಹಲಿಯಲ್ಲಿ ಅದಕ್ಕೆ 1994ರ ಕಾಯಿದೆ ಪ್ರಕಾರ ಅನುಮತಿ ಬೇಕು. ಕೊಡಬೇಡಿ ಅಂತ ಅವರ ಅರ್ಜಿ. ಆ ಮರಗಳಲ್ಲಿ ಪ್ರತಿವರ್ಷ ಊರಹದ್ದುಗಳು ಗೂಡು ಕಟ್ಟುತ್ತಿದ್ದವು. ನಾನು ಚಹಾ ಕೊಟ್ಟೆ, ಸಹಿ ಕೊಡಲಿಲ್ಲ. ‘ನಾವು ಹೊರಗಿನವರು ಭಾಯೀಸಾಬ್, ಇಂದಲ್ಲ ನಾಳೆ ಊರಿಗೆ ಹೋಗೋರು’ ಅಂದೆ. ಅವರು ವಾದಿಸಲಿಲ್ಲ. ಅವರೂ ಹುಟ್ಟಿದ್ದು ಲಾಹೋರಿನಲ್ಲಿ ಎಂಬುದು ಅವರು ಮೆಟ್ಟಿಲಿಳಿದ ಮೇಲೆ ನೆನಪಾಯಿತು. ಮರ ಹೋದವು. ನನ್ನ ಒಂದು ಸಹಿಯಿಂದ ಉಳಿಯುತ್ತಿದ್ದವು ಅಂತ ಹೇಳಲಾರೆ, ಆದರೆ ಅದು ಬೇರೆ ಮಾತು.

ಬ್ಯಾಂಕಿನವನಲ್ಲವೇ, ಲೆಕ್ಕ ಹಾಕಿದೆ. ವರ್ಷಕ್ಕೆ ಹದಿನೈದು ದಿನದಂತೆ 34 ವರ್ಷದಲ್ಲಿ ನಾನು ಊರಲ್ಲಿದ್ದದ್ದು 510 ದಿನ. ಉಳಿದದ್ದೆಲ್ಲ ದೆಹಲಿಯ ಗಾಳಿ, ದೆಹಲಿಯ ನೀರು. ಅನ್ನ ಇಲ್ಲಿ, ನಿಷ್ಠೆ ಅಲ್ಲಿ. ಇದು ನ್ಯಾಯವೇ? ಮನಸ್ಸು ಎಲ್ಲಿದೆಯೋ ಅದೇ ಊರು ಅನ್ನುತ್ತಾರೆ. ಸರಿ, ಆದರೆ ಅದು ನನ್ನ ಮನಸ್ಸಿನ ಸಮಾಧಾನವಾಯಿತು. ಉಣ್ಣಿಸಿದ ಜಾಗದ ಬಾಕಿ ಅದರಿಂದ ತೀರುತ್ತದೆಯೇ?

ಹದ್ದಿನ ಉದಾಹರಣೆಯೂ ನನ್ನ ಕೈಬಿಟ್ಟಿತು. ದನಗಳಿಗೆ ನೋವಿಗೆಂದು ಕೊಡುತ್ತಿದ್ದ ಡೈಕ್ಲೋಫೆನಾಕ್‌ನಿಂದ ನಮ್ಮ ರಣಹದ್ದುಗಳು ನಾಶವಾಗಿ, 2006ರಲ್ಲಿ ಅದರ ಪಶುವೈದ್ಯಕೀಯ ಬಳಕೆ ನಿಷೇಧವಾದದ್ದು ಓದಿರುತ್ತೀರಿ. ರಾಜಸ್ತಾನದಲ್ಲಿ ದನದ ಹೆಣ ಹಾಕುವ ಇಂಥದೇ ಜಾಗದಲ್ಲಿ ಸತ್ತು ಸಿಕ್ಕ ಎರಡು ಸ್ಟೆಪಿ ಹದ್ದುಗಳಲ್ಲೂ ಆ ಔಷಧಿ, ಮೂತ್ರಪಿಂಡ ಕೆಟ್ಟ ಗುರುತು ಕಂಡುಬಂದ ವರದಿ 2014ರಲ್ಲಿ ಬಂತು. ಗೂಡು ಮಂಗೋಲಿಯಾದಲ್ಲಿದೆ ಅಂತ ವಿಷ ಬಿಡಲಿಲ್ಲ. ಗೂಡು ಕಟ್ಟದ ಊರೂ ಅದಕ್ಕೆ ಸಾವು-ಬದುಕಿನ ಊರೇ.

ಇದನ್ನೆಲ್ಲ ಹಿಂತಿರುಗುವ ರೈಲಿನಲ್ಲಿ ನಮ್ಮವಳಿಗೆ ಹೇಳಿದೆ. ಚಕ್ಕುಲಿ ಡಬ್ಬಿ ಮುಚ್ಚುತ್ತಾ, ‘ಆ ಹದ್ದು ಯಾವ ಅರ್ಜಿಗೆ ರುಜು ಹಾಕಿತ್ತು, ಹೇಳಿ?’ ಅಂದಳು.

‘ಅದನ್ನ ಯಾರೂ ಕೇಳಿರಲಿಲ್ಲ ಕಣೇ. ನನ್ನನ್ನ ಕೇಳಿದ್ರು’ ಅಂದೆ.